ಕುಂಕುಮದ ಕೆಳಗಿನ ತುಕ್ಕು

ಶಿರಹಟ್ಟಿಯ ಕೊಟ್ರಪ್ಪ ಖಡ್ಗ ಹಿಡಿದು ಕುಣಿಯತೊಡಗಿದರೆ ಎದುರಿಗೆ ನಿಂತವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಅವನು ವೀರಭದ್ರನ ಪುರವಂತ. ಮದುವೆಮನೆಗಳಲ್ಲಿ ಆ ದೇವರಿಗೆ ನಡೆಸುವ ಗುಗ್ಗಳದ ಮೆರವಣಿಗೆಯಲ್ಲಿ ಅವನ ಮಹಿಮೆಯ ಒಡಪು ಹೇಳುವುದು, ಹರಕೆ ಹೊತ್ತವರ ಕೆನ್ನೆಯಲ್ಲಿ ಶಸ್ತ್ರ, ಅಂದರೆ ಮೊಳದುದ್ದದ ಉಕ್ಕಿನ ಸೂಜಿ, ಹಾಯಿಸುವುದು ಅವನ ಮನೆತನದ ಸೇವೆ. ಉಳಿದ ದಿನಗಳಲ್ಲಿ ಬಜಾರದಲ್ಲಿ ಬಟ್ಟೆ ಹೊಲಿಯುತ್ತಿದ್ದ. ಇಂಥ ಗಂಡುಗಲಿಗೆ ತುಕ್ಕು ಕಂಡರೆ ಕೈಕಾಲು ತಣ್ಣಗಾಗುತ್ತಿದ್ದವು ಎಂದರೆ ಯಾರು ನಂಬಬೇಕು?

ದೇವರಿಗೆ ಇಷ್ಟವಾದದ್ದೆಲ್ಲ ಕಬ್ಬಿಣಕ್ಕೆ ಆಗಿಬರುವುದಿಲ್ಲ. ಅಭಿಷೇಕದ ನೀರು, ತೆಂಗಿನಕಾಯಿ ನೀರು, ಹಸಿ ಅರಿಸಿನ, ಮೇಲೆ ಕುಣಿದವನ ಬೆವರು ಬೇರೆ. ಗುಗ್ಗಳ ಮುಗಿಸಿ ಬಂದ ಕೊಟ್ರಪ್ಪ ಊಟಕ್ಕೂ ಕೂರದೆ ಎಲ್ಲವನ್ನೂ ತೊಳೆದು, ಒರೆಸಿ, ಬಿಸಿಲಿಗಿಡುತ್ತಿದ್ದ. ಕೆಂಪು ಚುಕ್ಕೆ ಕಂಡಲ್ಲಿ ಇಟ್ಟಂಗಿಪುಡಿ ಹಾಕಿ ಒಣಬಟ್ಟೆಯಿಂದ ತಿಕ್ಕುವನು. ಖಡ್ಗಕ್ಕೆ ಹೊಲಿಗೆ ಮಷೀನಿನ ಎಣ್ಣೆ, ಕೆನ್ನೆಗೆ ಹೋಗುವ ಶಸ್ತ್ರಕ್ಕೆ ಕಾಯಿಸಿದ ಕೊಬ್ಬರಿಎಣ್ಣೆ. ಚರ್ಮದ ಒರೆ ತೇವ ಹಿಡಿದಿಟ್ಟುಕೊಳ್ಳುತ್ತದೆಂದು ಹಳೇ ಧೋತರದಲ್ಲೇ ಸುತ್ತಿಡುವನು. "ನನ್ನ ಮಾರಿನೂ ಒಮ್ಮಿ ಹಿಂಗ ನೋಡ್ರೆಲಾ" ಎಂದು ಹೆಂಡತಿ ನೀಲವ್ವ ಚೇಷ್ಟೆ ಮಾಡುತ್ತಿದ್ದಳು. ಊರವರು ಇದನ್ನು ಭಕ್ತಿ ಎಂದು ಕೈಮುಗಿದರು. ಅದು ಬರೀ ಭಯ.

ಅವನಿಗಿನ್ನೂ ಮೀಸೆ ಮೂಡಿರಲಿಲ್ಲ, ಅಪ್ಪ ತಿರಕಪ್ಪ ಯಾರದೋ ಮನೆಯ ತುಕ್ಕುಹಿಡಿದ ಶಸ್ತ್ರವನ್ನು ತನ್ನ ಕೆನ್ನೆಗೇ ಹಾಕಿಕೊಂಡು ಬಂದಿದ್ದ. ಕೆಲವೇ ದಿನಗಳಲ್ಲಿ ದವಡೆ ಬಿಗಿಯಿತು. ಬೆನ್ನು ಬಿಲ್ಲಿನಂತೆ ಬಾಗಿ ಹಾಸಿಗೆಯಿಂದ ಮೇಲೇಳುತ್ತಿತ್ತು. ಧನುರ್ವಾಯು. ಶಸ್ತ್ರದಿಂದಲೇ ಪುರವಂತ ಸತ್ತನೆಂದರೆ ಮುಂದೆ ಯಾರು ಕರೆದಾರು? ಮನೆಯವರು ಜ್ವರವೆಂದು ಊರಿಗೆ ಹೇಳಿದರು, ಕೊಟ್ರಪ್ಪನೂ ಬಾಯಿ ಬಿಡಲಿಲ್ಲ. ಕೊಲ್ಲುವುದು ತುಕ್ಕಲ್ಲ, ಅದರ ಕುಳಿಗಳಲ್ಲಿ ಕೂತ ಹೊಲಸು ಎಂದು ಮುಂದೊಂದು ದಿನ ಡಾಕ್ಟರು ತಿಳಿಸಿ ಹೇಳಿದರು. ಅವನು ಅಂದಿನಿಂದ ಎರಡಕ್ಕೂ ಹೆದರಿದ.

ಹೋದ ವರ್ಷ ಹಿರೇವಡ್ಡಟ್ಟಿಯ ಹೇಮಪ್ಪನ ಮನೆಯಲ್ಲಿ ಮಗ ವೀರುವಿನ ಮದುವೆ. ಹೇಮಪ್ಪ ತೊಟ್ಟಿಲಲ್ಲಿದ್ದಾಗ ಅವನ ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಗುಗ್ಗಳವೇ ಆಗಿರಲಿಲ್ಲ. ದೇವರ ಸಿಟ್ಟು ಇಳಿಯಲೆಂದು ಈಗ ಮದುಮಗನೇ ಶಸ್ತ್ರ ಹಾಕಿಸಿಕೊಳ್ಳುವ ಹರಕೆ. ಕೊಟ್ರಪ್ಪ ತನ್ನ ಶಸ್ತ್ರವನ್ನು ಕುದಿಸಿ ತಂದಿದ್ದ.

"ಅದು ಬ್ಯಾಡ್ರಿ ಪುರವಂತ್ರ. ನಮ್ಮಪ್ಪ ಹಾಕಿಸಿಕೊಂಡದ್ದ ಐತಿ" ಎಂದು ಹೇಮಪ್ಪ ದೇವರಮನೆಯಿಂದ ಒಂದು ಶಸ್ತ್ರ ತಂದುಕೊಟ್ಟ. ವರ್ಷವರ್ಷ ಬಳಿದ ಅರಿಸಿನ ಕುಂಕುಮ ಅದರ ಮೇಲೆ ಸಿಪ್ಪೆಗಟ್ಟಿತ್ತು. ಕೊಟ್ರಪ್ಪ ಉಗುರಿನಿಂದ ಕೆರೆದ. ಕುಂಕುಮದ ಕೆಳಗೆ ಕಪ್ಪು ತುಕ್ಕು, ತುದಿಯವರೆಗೂ ಗುಳಿಗುಳಿ. ಎಷ್ಟು ತಿಕ್ಕಿದರೂ ಆ ಗುಳಿ ಹೋಗುವಂಥವಲ್ಲ.

ಸಮಾಳವಾದ್ಯದ ಸದ್ದು ಏರಿತು. ವೀರು ಕಣ್ಣು ಮುಚ್ಚಿ ಕೆನ್ನೆ ಒಡ್ಡಿದ. ಹಾಕದಿದ್ದರೆ ತಲೆತಲೆಮಾರಿನ ಹೆಸರು ಈ ಅಂಗಳದಲ್ಲೇ ಮಣ್ಣಾಗುತ್ತದೆ. ಹಾಕಿದರೆ ಈ ಹುಡುಗನ ದವಡೆ! ಕೊಟ್ರಪ್ಪ ಶಸ್ತ್ರವನ್ನು ಕೆಳಗಿಳಿಸಿದ.

"ಇದನ್ನ ಹಾಕಾಕ ನನ್ನ ಕೈಲೆ ಆಗಂಗಿಲ್ರಿ. ನನಗ ಅಂಜಿಕಿ ಬರಾಕತ್ತೈತಿ."

ಸಮಾಳ ನಿಂತಿತು. ಯಾರೋ ನಕ್ಕರು. "ಪುರವಂತರಿಗೆ ಅಂಜಿಕಿ?" ಎಂದ ಹೇಮಪ್ಪ, ಮುಖ ಕೆಂಪಗಾಗಿತ್ತು.

"ನಮ್ಮಪ್ಪ ಜ್ವರದಿಂದ ಸತ್ತಿಲ್ರಿ. ಇಂಥಾದ್ದ ತುಕ್ಕಹಿಡದ ಶಸ್ತ್ರ ಹಾಕ್ಕೊಂಡು ಸತ್ತ. ಹಿಂಗಂತ ಹೊರಗಿನವ್ರಿಗೆ ಇವತ್ತ ಹೇಳಾಕತ್ತೀನಿ."

ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದ ಹೇಮಪ್ಪನ ತಾಯಿ ಬಸವಣ್ಣೆವ್ವ ಎದ್ದು ಬಂದಳು.

"ತಮ್ಮಾ, ನಿಮ್ಮಪ್ಪಗ ಬಾಯಿ ಬಿಗದಿತ್ತೇನು? ಬೆನ್ನು ಬಾಗಿ ಮ್ಯಾಲೆ ಏಳತಿತ್ತೇನು?"

"ಹೌದ್ರಿ ಯವ್ವಾ."

ಮುದುಕಿ ಶಸ್ತ್ರದ ಕಡೆ ನೋಡಿದಳು, ಮುಟ್ಟಲಿಲ್ಲ. "ನಮ್ಮ ಮನಿಯವ್ರೂ ಹಂಗs ಹೋದ್ರು. ಇದನ್ನ ಹಾಕಿಸಿಕೊಂಡು ವಾರಕ್ಕ. ಮುಟ್ಟಾದಾಕಿ ದೇವರಮನಿ ಹೊಕ್ಕಾಳ, ಅದಕ್ಕ ವೀರಭದ್ರ ಗಂಡನ್ನ ಒಯ್ದ ಅಂದ್ರು. ನಾನೂ ಹೌದಂತ ನಂಬಿದೆ. ನಾನs ಕೊಂದೀನಂತ ಇಷ್ಟು ವರ್ಷ ಬದುಕಿದೆನಲ್ಲೋ ತಮ್ಮಾ. ಅವತ್ತಿನಿಂದ ದೇವರಮನಿ ಹೊಸ್ತಿಲ ದಾಟಾಕ ಬಿಟ್ಟಿಲ್ಲ ನನ್ನ."

ಹೇಮಪ್ಪ ತಾಯಿಯ ಮುಖ ನೋಡಲಾರದೆ ನೆಲ ನೋಡುತ್ತ ನಿಂತ. ದೊಡ್ಡವನಾದ ಮೇಲೆ ಅವಳನ್ನು ಆ ಹೊಸ್ತಿಲಲ್ಲಿ ತಡೆದವನು ಅವನೇ.