ಹಳದಿ ಚುಕ್ಕೆಯ ಬೋಲ್ಟುಗಳು

ಬೋಲ್ಟಿನ ತಲೆಯ ಮೇಲೆ ಅಕ್ಕಿಕಾಳಿನಷ್ಟು ಹಳದಿ ಬಣ್ಣ, ಅದರ ಕೆಳಗೇ ಒಂದು ಹಸಿರು ಹನಿ. ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ತುಂಬಿಕೊಳ್ಳುತ್ತಿತ್ತು. ಎಂಜಿನ್ ತಣ್ಣಗಿಡುವ ಕೂಲೆಂಟ್ ಅದು.

ಕಾಡುಗೋಡಿಯಲ್ಲಿ ನಮ್ಮ ಮನೆಯ ಮುಂದೆಯೇ ಅಪ್ಪನ ಗ್ಯಾರೇಜು. ಬೋಲ್ಟನ್ನು ಪೂರ್ತಿ ಬಿಗಿ ಮಾಡಿದ ಮೇಲೆ ಅಪ್ಪ ಅದಕ್ಕೊಂದು ಹಳದಿ ಚುಕ್ಕೆ ಇಡುತ್ತಿದ್ದ. ಚುಕ್ಕೆ ಬಿದ್ದದ್ದಕ್ಕೆ ಇನ್ಯಾರೂ ಸ್ಪ್ಯಾನರ್ ಹಾಕುವಂತಿರಲಿಲ್ಲ. ಹಾಕಿದರೆ ಅವನ ಕೈಯನ್ನೇ ಅನುಮಾನಿಸಿದ ಹಾಗೆ. ಆ ವರ್ಷ ಅವನ ಬಲಗೈಗೆ ಲಕ್ವ ಹೊಡೆದಿತ್ತು. ಕೆಲವು ತಿಂಗಳಲ್ಲಿ ಕೈ ಮೇಲೆದ್ದಿತು, ಚಮಚ ಹಿಡಿಯಿತು. ಅಪ್ಪ ಗ್ಯಾರೇಜು ತೆರೆದ. ವೈಟ್‌ಫೀಲ್ಡಿನಲ್ಲಿ ನನಗೆ ಕೆಲಸವಿತ್ತು, ಮನೆ ನಡೆಯುತ್ತಿತ್ತು. ಆದರೂ ಬೇಡ ಎನ್ನಲಿಲ್ಲ. ಅಪ್ಪ ಗೋಡೆ ನೋಡುತ್ತ ಕೂತಿದ್ದ ದಿನಗಳನ್ನು ನಾನು ಕಂಡಿದ್ದೆ.

ಮತ್ತೆ ತೆರೆದ ಮೇಲೆ ಅವನು ಇಡೀ ಎಂಜಿನ್ ಬಿಚ್ಚಿ ಕಟ್ಟಿಕೊಟ್ಟದ್ದು ಒಂದು ಟ್ಯಾಕ್ಸಿಗೆ. ಅದರ ಡ್ರೈವರ್ ಭಾನುವಾರ ಎರಡನೇ ಸಲ ವಾಪಸು ಬಂದ.

"ಅಣ್ಣ, ಡೀಸೆಲ್‌ಗಿಂತ ನೀರೇ ಜಾಸ್ತಿ ಕುಡೀತೈತೆ. ಒಂದು ಬೋರ್‌ವೆಲ್ ಕೊರೆಸಿ ಕೊಟ್ಬಿಡಿ."

"ಪೈಪ್ ಹೋಗಿರ್ತದೆ ಕಣೋ," ಎಂದ ಅಪ್ಪ.

"ಹೋದ ವಾರ ತಾನೇ ಹೊಸ ಪೈಪ್ ಹಾಕಿದ್ರಿ. ಬೋಲ್ಟ್ ಒಂದ್ಸಲ ನೋಡ್ಬಾರ್ದಾ?"

"ಹಳದಿ ಕಾಣಾಕಿಲ್ವಾ? ರಾತ್ರಿಯೆಲ್ಲಾ ಗಾಡಿ ಹೆಂಗೋ ಓಡಿಸ್ತೀಯ ನೀನು?"

ಡ್ರೈವರ್ ನಗಲಿಲ್ಲ. ನನ್ನ ಮುಖ ನೋಡಿದ.

ಚಿಕ್ಕಂದಿನಿಂದ ಪಕ್ಕದಲ್ಲಿ ನಿಂತು ನೋಡಿದ್ದರಿಂದ ನನಗೂ ಅಷ್ಟು ಕೆಲಸ ಬರುತ್ತಿತ್ತು. ಸ್ಪ್ಯಾನರ್ ತೆಗೆದುಕೊಂಡೆ.

"ಏಯ್, ಅದಕ್ಕೆ ಹಾಕ್ಬೇಡ!"

ಅಷ್ಟರಲ್ಲಿ ಹಾಕಿಯಾಗಿತ್ತು. ಹಸಿರು ಹನಿ ಸೋರುತ್ತಿದ್ದ ವಾಟರ್ ಪಂಪಿನ ಆ ಬೋಲ್ಟು ನಲ್ಲಿಯ ಹಾಗೆ ಸಲೀಸಾಗಿ ತಿರುಗಿತು. ಪಕ್ಕದ್ದೂ ತಿರುಗಿತು. ಡ್ರೈವರ್ ಫೋನ್ ಬಂದವನಂತೆ ರಸ್ತೆಗೆ ಹೋದ.

ಅಪ್ಪ ನನ್ನ ಕೈ ಸರಿಸಿ ತಾನೇ ಬಿಗಿ ಮಾಡಿದ. ಕತ್ತಿನ ನರ ಉಬ್ಬಿತು. "ನೋಡು. ಕಲ್ಲು," ಎಂದ. ನಾನು ಮತ್ತೆ ಸ್ಪ್ಯಾನರ್ ಹಾಕಿದೆ. ಇನ್ನೂ ಅರ್ಧ ಸುತ್ತು ಬಂತು.

"ನಂಗೆ ಬಿಗೀನೇ ಅನ್ಸ್ತದಲ್ಲವ್ವಾ," ಎಂದ ಅಪ್ಪ, ತನ್ನ ಕೈ ನೋಡಿಕೊಳ್ಳುತ್ತ.

ಎಂಜಿನ್ ಆರಿದ ಮೇಲೆ ಕೂಲೆಂಟ್ ಇಳಿಸಿ, ಪಂಪಿನ ಬೋಲ್ಟುಗಳನ್ನೆಲ್ಲ ಬಿಚ್ಚಿ, ಒರೆಸಿ, ಸೋರದಂತೆ ಅಂಟು ಹಚ್ಚಿ ನಾನೇ ಬಿಗಿ ಮಾಡಿದೆ. ಸೋರಿಕೆ ನಿಂತಿತು, ಕಾರು ಹೋಯಿತು. ಬಣ್ಣದ ಡಬ್ಬಿಯನ್ನು ಇಬ್ಬರೂ ಮುಟ್ಟಲಿಲ್ಲ. ಅಪ್ಪ ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತ. "ಆ ಸ್ಕೂಲ್ ವ್ಯಾನ್ ಐತಲ್ಲ. ಮೊನ್ನೆ ಅದರ ಹಿಂದಿನ ಚಕ್ರ ನಾನೇ ಹಾಕಿದ್ದು."

ವ್ಯಾನಿನವನಿಗೆ ಫೋನ್ ಮಾಡಿದೆ. ಮಕ್ಕಳನ್ನು ಇನ್ನೂ ಹತ್ತಿಸಿಕೊಂಡಿರಲಿಲ್ಲ. ಗಾಡಿ ತೆಗೆಯಬೇಡಿ, ಚಕ್ರದ ಬೋಲ್ಟು ನೋಡಬೇಕು ಎಂದೆ.

"ಯಾಕ್ ಮೇಡಂ? ಅಣ್ಣ ಹಳದಿ ಇಟ್ಟವ್ರಲ್ಲ?"

ಅಪ್ಪ ಅಲ್ಲೇ ನಿಂತಿದ್ದ. "ಇಟ್ಟಿದ್ದಾರೆ. ಆದರೂ ಗಾಡಿ ತೆಗೀಬೇಡಿ," ಎಂದು ಹೇಳಿ, ದೊಡ್ಡ ಸ್ಪ್ಯಾನರನ್ನು ಆಫೀಸಿನ ಬ್ಯಾಗಿಗೆ ಹಾಕಿಕೊಂಡು ಹೊರಟೆ.