ಶ್ರಾವಣದಲ್ಲಿ ನಿಂತ ಗುಳಿಗೆ

ಮಗಳ ಮಗಳನ್ನು ತಿಕೋಟಾಕ್ಕೆ ಕೊಟ್ಟಿದ್ದೇವೆ. ಕಳೆದ ಶ್ರಾವಣದಲ್ಲಿ ಅವಳನ್ನು ನೋಡಿ ಬರಲು ಸಾರವಾಡದಿಂದ ಬಸ್ಸು ಹತ್ತಿ ಹೋದೆ. ಬಾಗಿಲಿಗೆ ಬಂದವಳನ್ನು ಮೊದಲು ಗುರುತೇ ಹಿಡಿಯಲಿಲ್ಲ. ಕಣ್ಣಿನ ಕೆಳಗೆ ಬಾವು, ಕೆನ್ನೆ ಕೆಂಪು, ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು.

ಅವಳಿಗೆ ಲೂಪಸ್ ಎಂಬ ರೋಗ. ಮೈ ಕಾಯಬೇಕಾದದ್ದೇ ಮೈಯ ಮೇಲೆ ತಿರುಗಿ ಬೀಳುತ್ತದೆ. ದಿನಾ ಮುಂಜಾನೆ ಊಟವಾದ ಮೇಲೆ ಗುಳಿಗೆ ನುಂಗಿದರೆ ಹಿಡಿತದಲ್ಲಿರುತ್ತದೆ. ಮದುವೆಗೆ ಮೊದಲೇ ಬೀಗರಿಗೆ ಎಲ್ಲ ಹೇಳಿದ್ದೆವು.

"ಗುಳಿಗಿ ತಗೊಂಡಿಯೇನಬೇ?" ಎಂದೆ.

"ಇಲ್ಲ ಆಯಿ. ಶ್ರಾವಣ ಹಿಡದಾಗಿಂದ ಮುಂಜಾನೆ ಊಟ ಇಲ್ಲ. ಊಟದ ಮ್ಯಾಲೆ ತಗೋ ಅಂತ ಬರದಾರ. ಊಟಾನ ಇಲ್ಲಂದ್ರ ಹೆಂಗ ತಗೊಳ್ಳಿ? ಅದೂ ಅಲ್ದ, ಭಾವಾರು ಗುಳಿಗೀನ ಬ್ಯಾಡ ಅಂದ್ರು."

ಭಾವ ಎಂದರೆ ಅವಳ ಗಂಡನ ಅಣ್ಣ. ವಿಜಯಪುರದಲ್ಲಿ ಸಂಬಳದ ನೌಕರಿ. ರಜೆಗೆಂದು ಬಂದವನು ಪಡಸಾಲೆಯಲ್ಲೇ ಕುಳಿತಿದ್ದ. ಅವಳ ಗಂಡ ಹೊಲಕ್ಕೆ ಹೋಗಿದ್ದ. ಇದ್ದರೂ ಅಣ್ಣನ ಮಾತಿಗೆ ಎದುರಾಡುವವನಲ್ಲ.

"ಉಪವಾಸ ಮಾಡಿದ್ರ ಜೀವಕೋಶ ತನ್ನ ಕಸಾ ತಾನ ತಿಂತೈತಿ ಅಮ್ಮಾರ," ಎಂದ ಅವನು. "ವಿಜ್ಞಾನ ಐತಿ ಇದು. ಕಸಾನ ಇಲ್ಲಂದ್ರ ರೋಗ ಎಲ್ಲಿಂದ ಬರಬೇಕು?"

"ನೀ ಮಾಡೀಯೇನು ಉಪವಾಸ?"

"ನನಗ ಆಸಿಡಿಟಿ ಐತ್ರಿ."

"ನಿನ್ನ ಹೊಟ್ಟಿಗಿ ಆಸಿಡಿಟಿ, ಆಕೀ ಹೊಟ್ಟಿಗಿ ವಿಜ್ಞಾನ! ಏಳು, ಗಾಡಿ ತಗಿ."

ಅವನ ಗಾಡಿಯಲ್ಲೇ ವಿಜಯಪುರಕ್ಕೆ ಕರೆದೊಯ್ದೆವು. ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು. ನಾನು ಅವಳ ಭಾವನ ಕಡೆ ಕೈ ಮಾಡಿ, ಅವನ ಉಪವಾಸದ ಮಾತನ್ನು ಹೇಳಿದೆ.

"ಇಂವ ಹೇಳಿದ್ದು ಸುಳ್ಳೇನ್ರಿ ಹಂಗಾರ?"

"ಅರ್ಧ ಖರೆ ಅಜ್ಜಿ," ಎಂದು ಅವರು ಬಿಡಿಸಿ ಹೇಳಿದರು. ಜೀವಕೋಶ ತನ್ನೊಳಗಿನ ಕಸವನ್ನು ತಾನೇ ಅರೆಯುವುದು ನಿಜ. ಆದರೆ ಅರೆದದ್ದೆಲ್ಲ ಅಲ್ಲೇ ಮುಗಿಯುವುದಿಲ್ಲ. ಕೆಲವು ಕೋಶಗಳು ಅದರ ಚೂರನ್ನು ಹೊರಬಾಗಿಲಿಗೆ ತಂದು ತೋರಿಸುತ್ತವೆ. ಮೈಯ ಕಾವಲಿನವು ಬಂದು ಮೂಸಿ ನೋಡುತ್ತವೆ. ರೋಗಾಣುವಿನ ಚೂರಾದರೆ ಎದ್ದು ಹೊಡೆಯಬೇಕು, ಮೈಯ ಸ್ವಂತ ಚೂರಾದರೆ ಬಿಟ್ಟು ಹೋಗಬೇಕು. ಇವಳ ಕಾವಲಿಗೆ ಆ ಗುರುತು ತಪ್ಪಿದೆ, ಸ್ವಂತದ್ದನ್ನೂ ಹೊಡೆಯುತ್ತದೆ. ಆ ಗುಳಿಗೆ ಅರೆಯುವ ಕೆಲಸವನ್ನೇ ನಿಧಾನ ಮಾಡುತ್ತದೆ. ಬಾಗಿಲಿಗೆ ಬರುವ ಚೂರು ಕಡಿಮೆಯಾದಷ್ಟು ಹೊಡೆತವೂ ಕಡಿಮೆ.

"ಉಪವಾಸದಿಂದ ಈ ರೋಗ ಹೋಗ್ತದಂತ ಯಾರೂ ತೋರಿಸಿಲ್ಲ. ಗುಳಿಗಿ ಬಿಟ್ರ ಏನಾಗ್ತದ ಅನ್ನೂದು ನಿಮ್ಮ ಮುಂದ ಕುಂತೈತಿ," ಎಂದರು.

"ಅಂದ್ರ ಮನಿ ನಾಯಿ ಮನಿ ಮಂದೀಗೇ ಕಚ್ಚಾಕತ್ತೈತಿ. ಇಂವ ಅದರ ಸರಪಳಿ ಬಿಚ್ಯಾನ."

ಕಿಡ್ನಿ ಪೂರ್ತಿ ಸುಧಾರಿಸುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದ ಡಾಕ್ಟರಮ್ಮ, ಹಳೆ ಗುಳಿಗೆಯ ಜೊತೆಗೆ ಹೊಸ ಔಷಧವನ್ನೂ ಬರೆದುಕೊಟ್ಟರು.

ಅರ್ಧ ಓದಿ ಊರಿಗೆಲ್ಲ ಬುದ್ಧಿ ಹೇಳುವವರನ್ನು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ನಾನು ಸಣ್ಣವಳಿದ್ದಾಗಲೇ ಸಾಲೆ ಬಿಟ್ಟವಳು. ತಿಳಿಯದಿದ್ದರೆ ಕೇಳುತ್ತೇನೆ. ಇಷ್ಟು ಕಲಿತವನಿಗೆ ಒಂದು ಫೋನ್ ಮಾಡಿ ಕೇಳಲು ಏನು ರೋಗ ಬಂದಿತ್ತು? ಪೆಟ್ಟು ಬಿದ್ದದ್ದು ಅವನ ಕಿಡ್ನಿಗಲ್ಲವಲ್ಲ.

ಮರುದಿನ ಸೋಮವಾರ. ನಾನು ಅಲ್ಲೇ ಉಳಿದಿದ್ದೆ. ಮುಂಜಾನೆ ಬೀಗತಿ ದೇವರ ಮುಂದೆ ಕುಳಿತವಳು ತಿರುಗಿ, "ಸೋಮವಾರ ಐತ್ರಿ ಅಕ್ಕಾರ, ಇದೊಂದು ದಿನ ತಡೀಲಿ. ಸಂಜಿಗೆ ಉಂಡು ತಗೋತಾಳ," ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ರೊಟ್ಟಿಯ ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಅತ್ತಿ, ನೀವು ಪೂಜಿ ಮಾಡ್ರಿ. ನಾ ಉಣ್ಣಾಕತ್ತೇನಿ."

ಬಾತ ಬೆರಳು ಮಡಚುತ್ತಿರಲಿಲ್ಲ. ರೊಟ್ಟಿಯನ್ನು ಅಂಗೈಯಿಂದ ಒತ್ತಿ ಮುರಿದು, ಮೊಸರಿನಲ್ಲಿ ಅದ್ದಿ ತಿಂದಳು. ಅತ್ತೆ ನೋಡುತ್ತಿದ್ದಂತೆಯೇ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.