ಶುಕ್ರವಾರದ ಪಟ್ಟಿಯಿಂದ ಅಳಿಸಿದ ಹೆಸರು

ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದ ಆಕೆಯನ್ನು ಎಲ್ಲರೂ ಶುಕ್ರವಾರದಕ್ಕ ಎಂದೇ ಕರೆಯುತ್ತಿದ್ದರು. ಯಾವ ಸಂಸ್ಥೆ ಯಾವ ಸಂಶೋಧನೆಗೆ ಅನುದಾನ ಕೊಡುತ್ತಿದೆ, ಅರ್ಜಿಗೆ ಕೊನೆಯ ದಿನ ಯಾವುದು ಎಂಬುದನ್ನೆಲ್ಲ ವಾರವಿಡೀ ಹೆಕ್ಕಿ, ಶುಕ್ರವಾರ ಮಧ್ಯಾಹ್ನ ಮುನ್ನೂರು ಅಧ್ಯಾಪಕರಿಗೆ ಇಮೇಲ್ ಕಳಿಸುವುದು ಅವಳ ಕೆಲಸ. ಯಾರಿಗೆ ಯಾವುದು ಹೊಂದುತ್ತದೆ ಎಂದು ಅವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಆದರೆ ಎಷ್ಟು ಬರೆದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಪತ್ರವನ್ನೇ ತೆರೆಯದ ಮಹಾನುಭಾವರು ಕೊನೆಯ ದಿನ ಕಳೆದ ಮೇಲೆ ಬಂದು, ನಮಗೆ ಯಾರೂ ಹೇಳಲೇ ಇಲ್ಲ ಎಂದು ರೇಗಾಡುತ್ತಿದ್ದರು.

ಒಂದು ವರ್ಷ ಮೇಲಿನಿಂದ ಆದೇಶ ಬಂತು: ಆರು ತಿಂಗಳಿಂದ ಪತ್ರ ತೆರೆಯದವರಿಗೆ ಫೋನ್ ಮಾಡಿ ವಿಚಾರಿಸಿ, ಬೇಡ ಎಂದವರ ಹೆಸರು ತೆಗೆಯಿರಿ. ಯಾರು ತೆರೆದಿಲ್ಲ ಎಂಬುದನ್ನು ಕಂಪ್ಯೂಟರೇ ಪಟ್ಟಿ ಮಾಡಿ ಕೊಟ್ಟಿತು. ಮೂವತ್ತೊಂದು ಹೆಸರು. ಶುಕ್ರವಾರದಕ್ಕ ಒಂಬತ್ತು ಜನಕ್ಕೆ ಫೋನ್ ಮಾಡಿದಳು. ಒಂಬತ್ತನೆಯ ಪ್ರಾಧ್ಯಾಪಕರು, ನಿನಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಹರಿಹಾಯ್ದರು. ಅವಳಿಗೂ ಮೂಗಿನ ತುದಿಯಲ್ಲೇ ಕೋಪ. ಸಾಕಪ್ಪಾ ಇವರ ಸಹವಾಸ ಎಂದು ಉಳಿದ ಇಪ್ಪತ್ತೆರಡು ಹೆಸರುಗಳನ್ನು ಒಂದೇ ಏಟಿಗೆ ಅಳಿಸಿದಳು. ಹತ್ತನೆಯದು ಪಾಚಿ ಮೇಡಂ ಹೆಸರು.

ಪಾಚಿ ಮೇಡಂ ಕೆರೆಗಳ ಪಾಚಿಯ ಮೇಲೆ ಕೆಲಸ ಮಾಡುತ್ತಿದ್ದ ಅಧ್ಯಾಪಕಿ. ತಾನಾಯಿತು, ತನ್ನ ಗಾಜಿನ ಸೀಸೆಗಳಾಯಿತು. ಪಟ್ಟಿಯಿಂದ ಹೆಸರು ಹೋದ ಕೆಲವು ತಿಂಗಳಿಗೆ ಮೆಟ್ಟಿಲ ಮೇಲೆ ಎದುರಾದಾಗ ಅಳುಕುತ್ತಲೇ ಕೇಳಿದ್ದರು: “ಈಗೀಗ ಏನೂ ಬರ್ತಿಲ್ವೇನಮ್ಮಾ?”

ತೆರೆಯದ ಪತ್ರಗಳ ಲೆಕ್ಕ ಶುಕ್ರವಾರದಕ್ಕನ ತಲೆಯಲ್ಲೇ ಇತ್ತು. “ಕಣ್ಣು ಬಿಟ್ಟು ನೋಡೋರಿಗೆ ಬರ್ತಾನೇ ಇವೆ ಮೇಡಂ,” ಎಂದು ಕೊಂಕು ಆಡಿ ಮುಂದೆ ನಡೆದಳು. ಅವರು ಮತ್ತೆ ಕೇಳಲಿಲ್ಲ.

ಮರುವರ್ಷ ಅನುದಾನವಿಲ್ಲದೆ ಅವರ ಪ್ರಯೋಗಾಲಯ ಮುಚ್ಚಿತು. ಅದರ ಮುಂದಿನ ವರ್ಷ ಅವರೇ ತೀರಿಕೊಂಡರು. ರಕ್ತದ ಕಾಯಿಲೆ; ಪತ್ರಕ್ಕೂ ಸಾವಿಗೂ ಸಂಬಂಧವಿಲ್ಲ ಎಂದು ಶುಕ್ರವಾರದಕ್ಕ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ ಲೆಕ್ಕವಿಲ್ಲ. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದು, ಅವರ ಕೋಣೆಯ ಸಾಮಾನು ಪಟ್ಟಿ ಮಾಡಲು ಅವಳನ್ನೇ ಕಳಿಸಿದ್ದರಿಂದ.

ಬೀರುವಿನಲ್ಲಿ ಒಂದು ದಪ್ಪ ಫೈಲು. ಅದರೊಳಗೆ ಅವಳು ಕಳಿಸಿದ ಶುಕ್ರವಾರದ ಪತ್ರಗಳು, ಒಂದೂ ತಪ್ಪದೆ, ಮುದ್ರಿಸಿಟ್ಟವು. ಬದಿಯಲ್ಲಿ ಪೆನ್ಸಿಲಿನ ಗೆರೆ, ಸಣ್ಣ ಅಕ್ಷರದ ಟಿಪ್ಪಣಿ. ಹೆಸರು ಅಳಿಸಿದ ವಾರಕ್ಕೆ ಪತ್ರಗಳು ನಿಂತಿದ್ದವು. ಆಮೇಲೆ ಎಂಟು ಬಿಳಿ ಹಾಳೆ; ಒಂದೊಂದರ ಮೇಲೂ ಒಂದೊಂದು ಶುಕ್ರವಾರದ ತಾರೀಖು, ಕೆಳಗೆ “ಇಂದೂ ಇಲ್ಲ.” ಓದದವರು ಹೀಗೆ ಮುದ್ರಿಸಿಡುವುದು ಎಲ್ಲಿಯಾದರೂ ಉಂಟೇ? ಕಂಪ್ಯೂಟರ್ ರಿಪೇರಿಯವನನ್ನು ಕೇಳಿದಳು. ಪತ್ರದ ಮೇಲಿರುವ ಚಿತ್ರ ಮೂಡಿದರೆ ಮಾತ್ರ ಅದು ತೆರೆಯಿತೆಂದು ನಿಮ್ಮ ಕಡೆ ದಾಖಲಾಗುತ್ತದೆ; ಮೇಡಂ ಕಂಪ್ಯೂಟರಿನಲ್ಲಿ ಚಿತ್ರ ಬರದಂತೆ ಮಾಡಿಟ್ಟಿದ್ದರು, ಬರೀ ಅಕ್ಷರ ಓದುತ್ತಿದ್ದರು ಎಂದ. ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳೆಯ ಪತ್ರಗಳನ್ನು ತೆಗೆದು ನೋಡಿದಳು. ಆ ಎರಡು ವರ್ಷದಲ್ಲಿ ಪಾಚಿಗೆ ಹೊಂದುವ ಅನುದಾನ ಏಳು ಬಂದಿದ್ದವು.

ಅಂದಿನಿಂದ ಶುಕ್ರವಾರವೆಂದರೆ ಅವಳಿಗೆ ನಡುಕ. ಪತ್ರ ಸಿದ್ಧವಾಗುವ ಹೊತ್ತಿಗೆ ಕುರ್ಚಿಯ ಹಿಂದೆ ಯಾರೋ ಬಂದು ನಿಂತು, ಹೆಗಲ ಮೇಲಿಂದ ಬಗ್ಗಿ ಓದುತ್ತಿರುವಂತೆ. ತಿರುಗಿ ನೋಡಿದರೆ ಗೋಡೆ. ಕದ್ದುಮುಚ್ಚಿ ಪಾಚಿ ಮೇಡಂ ವಿಳಾಸವನ್ನು ಮತ್ತೆ ಪಟ್ಟಿಗೆ ಸೇರಿಸಿದಳು. ಕಳಿಸಿದ ಮರುಗಳಿಗೆಯೇ, ಈ ವಿಳಾಸದಲ್ಲಿ ಯಾರೂ ಇಲ್ಲ ಎಂದು ಪತ್ರ ವಾಪಸು ಬರುತ್ತಿತ್ತು. ಮುಂದಿನ ವಾರ ಮತ್ತೆ ಕಳಿಸುತ್ತಿದ್ದಳು. ಸತ್ತವರಿಗೆ ಯಾರಾದರೂ ಕಾಗದ ಬರೆಯುತ್ತಾರೇನೇ ಎಂದು ಗಂಡ ಗದರಿದ. ಬದುಕಿದ್ದಾಗ ಬರೆಯಲಿಲ್ಲವಲ್ಲ ಎಂದಳು.

ಒಂದು ದಿನ ಪಾಚಿ ಮೇಡಂ ತಂಗಿ ಅಕ್ಕನ ಪುಸ್ತಕಗಳನ್ನು ಒಯ್ಯಲು ಕಚೇರಿಗೆ ಬಂದಳು. ಸಹಿ ಹಾಕಿ ಪೆನ್ನು ಹಿಂದಕ್ಕೆ ಕೊಡುತ್ತಾ ಕೇಳಿದಳು: “ಅಕ್ಕನ ಕೆಲಸ ಯಾರಿಗೂ ಬೇಡವಾಗಿತ್ತಂತೆ. ಕೊನೇವರೆಗೂ ಅದೇ ಕೊರಗು ಅವಳಿಗೆ. ನಿಜಾನಾ?”

ಹಾವೂ ಸಾಯದ, ಕೋಲೂ ಮುರಿಯದ ಉತ್ತರ ಶುಕ್ರವಾರದಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಹೌದಮ್ಮ, ಕಾಲವೇ ಹಾಗಿತ್ತು ಎಂದುಬಿಟ್ಟರೆ ಮುಗಿಯಿತು; ಕೇಳುವವರು ಯಾರೂ ಇಲ್ಲ, ನೌಕರಿಗೂ ಕುತ್ತಿಲ್ಲ. ಆದರೆ ಹಾಗೆಂದರೆ ಸತ್ತವಳ ಕೊರಗಿಗೆ ತಾನೇ ಮುದ್ರೆ ಒತ್ತಿದಂತೆ.

“ಸುಳ್ಳಮ್ಮ. ಏಳು ಕಡೆಯಿಂದ ಬೇಕು ಅಂತ ಬಂದಿತ್ತು. ನಾನು ಪಟ್ಟಿಯಿಂದ ಅವರ ಹೆಸರು ತೆಗೆದುಹಾಕಿದ್ದೆ. ಕೇಳದೇನೇ ತೆಗೆದೆ.”

ತಂಗಿ ಬೈಯುತ್ತಾಳೆಂದು ಅವಳು ತಲೆ ತಗ್ಗಿಸಿ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಂಗಿ ಪುಸ್ತಕದ ಕಟ್ಟನ್ನು ಎದೆಗವಚಿಕೊಂಡು ಬಾಗಿಲವರೆಗೂ ಹೋದವಳು ನಿಂತಳು.

“ಬೇರೆ ಯಾರನ್ನಾದ್ರೂ ಕೇಳಿ ನೋಡು ಅಂತ ನಾನೇ ಹೇಳಿದ್ದೆ ಅವಳಿಗೆ,” ಎಂದಳು. “ಬೇಡ ಅಂದ್ಲು. ಶುಕ್ರವಾರದಕ್ಕ ಕಳಿಸಿಲ್ಲ ಅಂದ್ರೆ ನನಗೆ ಹೊಂದೋದು ಎಲ್ಲೂ ಇಲ್ಲ ಅಂತಾನೇ ಅರ್ಥ, ಅವಳು ಯಾರನ್ನೂ ಮರೆಯೋಳಲ್ಲ, ಅಂದ್ಲು.”